ಸಾಗರ ಗಾರ್ಡನ್ನಿನಲ್ಲಿ ಕುರಿ ಕೂಡಿಸಿದ್ದು

ಅಳಿಯ ಅನೀಲಕುಮಾರ ಮೊಬೈಲನ್ನು ಅಡ್ಡ ಹಿಡಿದು ತೋರಿಸಿದ ನೀರು ನೀಲಿಯಾಗಿತ್ತು. ಧೂಳಮ್ಮನಿಗೆ ಅಲ್ಲಿಯೇ ನಗು ಬಂತು. ತಮ್ಮೂರು ಮೋರಖಂಡಿಯ ಆಚೆಯ ಆ ಕೆರೆಯನ್ನು ಅವಳು ಸೊಸೆಯಾಗಿ ಬಂದ ವರ್ಷದಿಂದ ನೋಡುತ್ತ ಬಂದವಳು. ಮಳೆಗಾಲದಲ್ಲಿ ಅದು ಚಹಾದ ಬಣ್ಣ, ಚಳಿಗಾಲದಲ್ಲಿ ಪಾಚಿಯ ಬಣ್ಣ, ಬೇಸಿಗೆಯಲ್ಲಿ ಎಮ್ಮೆಯ ಬಣ್ಣ. ನೀಲಿಯಾದದ್ದನ್ನು ಅವಳೂ ಕಂಡಿರಲಿಲ್ಲ, ಅವಳ ಅತ್ತೆಯೂ ಕಂಡಿರಲಿಲ್ಲ. ಆದರೆ ಹುಮನಾಬಾದಿನಲ್ಲಿ ಅಳಿಯನ ಮನೆಯ ಸೋಫಾದ ಮೇಲೆ ಕೂತು, ಅವನು ತರಿಸಿದ ಚಹಾ ಕುಡಿಯುತ್ತ, ಅವನ ಮಾತಿಗೇ ನಗುವುದು ಮರ್ಯಾದೆಯಲ್ಲ. ಧೂಳಮ್ಮ ನಗುವನ್ನು ಚಹಾದ ಜೊತೆ ನುಂಗಿದಳು. ಅದು ನೆಟ್ಟಗೆ ಇಳಿಯಲಿಲ್ಲ.

"ಇದು ಡ್ರೋನ್ ಹಾರಿಸಿ ಮ್ಯಾಲಿಂದ ತೆಗೆದದ್ದರಿ, ಅತ್ತಿಯವರ. ಹ್ಯಾಂಗ ಕಾಣಸಾಕತ್ತದ ನೋಡ್ರಿ."

"ಛಲೋ ಅದ ಬಿಡ್ರಿ, ಅಳಿಯಾರ. ಹದ್ದಿಗೆ ಮಾರೂದಿದ್ರ ಕಿಮ್ಮತ್ತು ಬರತದ."

ಮಗಳು ಪೂನಂ ಒಳಗಿನಿಂದಲೇ ಕೆಮ್ಮಿದಳು. ಅದು ಎಚ್ಚರಿಕೆಯ ಕೆಮ್ಮು. ಅನೀಲಕುಮಾರನಿಗೆ ಮಾತ್ರ ಚುಚ್ಚಲಿಲ್ಲ. ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹಿಂದೆ ಪ್ಲಾಟು ಕೊಡಿಸುವ ಸಣ್ಣ ಅಂಗಡಿ ಇಟ್ಟುಕೊಂಡ ಮನುಷ್ಯ ಅವನು. ದಿನಾ ಹತ್ತು ಜನ "ನಾಳೆ ಹೇಳುತ್ತೇವೆ" ಅಂದು ಹೋಗುವುದನ್ನು ನೋಡಿ ನೋಡಿ ಅವನ ಚರ್ಮ ಕುರಿಯ ಕಂಬಳಿಗಿಂತ ದಪ್ಪವಾಗಿತ್ತು. ಮೋಸಗಾರನಲ್ಲ, ಅಷ್ಟು ಮಾತ್ರ ಧೂಳಮ್ಮ ಒಪ್ಪುತ್ತಿದ್ದಳು. ಮೋಸ ಮಾಡಲಿಕ್ಕೂ ಒಂದಿಷ್ಟು ಬುದ್ಧಿ ಬೇಕಾಗುತ್ತದೆ ಎಂಬುದು ಅವಳ ಲೆಕ್ಕ.

ಅಳಿಯ ತೋರಿಸುತ್ತಿದ್ದದ್ದು ಸಾಗರ ಗಾರ್ಡನ್ ಎಂಬ ಜಾಗ. ಸಮುದ್ರ ನೋಡಬೇಕೆಂದರೆ ಎರಡು ರೈಲು ಬದಲಿಸಬೇಕಾದ ನಾಡಿನಲ್ಲಿ, ಒಬ್ಬ ಕಂತ್ರಾಟುದಾರ ಕೆರೆಯ ದಂಡೆಗೆ ಸಾಲು ಕೋಣೆ ಕಟ್ಟಿ, ಒಂದು ದೊಡ್ಡ ಹಾಲ್ ಕಟ್ಟಿ, ನೀರಿಗಿಳಿಯಲು ಮೆಟ್ಟಿಲು ಕಟ್ಟಿ, ಹಂಸದ ಆಕಾರದ ಎರಡು ದೋಣಿ ತರಿಸಿ, ಆ ಹೆಸರಿಟ್ಟಿದ್ದ. ಕೆಲವು ವರ್ಷ ಬಸವಕಲ್ಯಾಣದ ಕಡೆಯ ಹುಡುಗರು ಬಂದು ಫೋಟೋ ತೆಗೆಸಿಕೊಂಡರು. ಕೊರೊನಾ ಬಂದಾಗ ಮುಚ್ಚಿದ ಬಾಗಿಲು ಆಮೇಲೆ ತೆರೆಯಲೇ ಇಲ್ಲ. ಕಂತ್ರಾಟುದಾರ ಸೋಲಾಪುರಕ್ಕೆ ಹೋದ. ಕಿಟಕಿಯ ಚೌಕಟ್ಟುಗಳು ಎಲ್ಲಿಗೆ ಹೋದವೋ ಸುತ್ತಲಿನ ಊರುಗಳ ಹೊಸ ದನದ ಕೊಟ್ಟಿಗೆಗಳನ್ನು ಕೇಳಬೇಕು. ಈಗ ಅವನೇ ಅದನ್ನು ಅಗ್ಗದಲ್ಲಿ ಮಾರುತ್ತಾನೆ ಎಂಬುದು ಅಳಿಯ ತಂದ ಸುದ್ದಿ.

"ಮಂದಿ ಬಸವಕಲ್ಯಾಣಕ್ಕ ಎಲ್ಲೆಲ್ಲಿಂದೋ ಬರಾಕತ್ತಾರ್ರಿ. ನೀರಿನ ದಂಡಿಗೆ ಜಾಗ ಅಂದ್ರ ನಾಳೆ ಬಂಗಾರ. ನೀವೇನೂ ಮಾಡಬ್ಯಾಡ್ರಿ. ಖರೀದಿ ಮಾಡಿ ಸುಮ್ಮ ಇಟ್ಟುಕೊಳ್ರಿ. ಎರಡ ವರ್ಷ. ಜಮೀನು ತಾನ ಬೆಳೀತದ."

"ಮೇವು ಹಾಕಲಾರದ ಬೆಳಿಯೂದು ನಾ ನೋಡಿದ್ದು ಉಗುರು, ಕೂದಲ, ಅಷ್ಟರಿ," ಎಂದಳು ಧೂಳಮ್ಮ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜನ ಇವರು ಎಂದುಕೊಂಡು ಅವಳು ಗಂಡನ ಕಡೆ ನೋಡಿದಳು. ತಾನು ಕಣ್ಣು ಮಿಟುಕಿಸಿದರೆ ಅವನೂ ಒಳಗೊಳಗೇ ನಗುತ್ತಾನೆ ಎಂಬ ಭರವಸೆ. ಪಂಡರಿ ನಗಲಿಲ್ಲ. ಅಳಿಯನ ಕೈಯಿಂದ ಮೊಬೈಲು ತೆಗೆದುಕೊಂಡು, ಆ ನೀಲಿ ನೀರನ್ನು ಇನ್ನೊಮ್ಮೆ ನೋಡುತ್ತಿದ್ದ. ಬೆರಳು ತಾಗಿ ಚಿತ್ರ ನಿಂತುಹೋದಾಗ, "ಇದನ್ನ ಮತ್ತ ಹಚ್ಚ್ರಿ, ಅಳಿಯಾರ," ಎಂದ. ಮಾತು ಕಡಿಮೆಯ ಗಂಡ ಒಂದು ವಸ್ತುವನ್ನು ಎರಡು ಸಲ ನೋಡಿದರೆ ಅದು ಮನೆಗೆ ಬಂದ ಹಾಗೆಯೇ. ಅವರ ಕರಿಯ ಟಗರು ಬಂದದ್ದೂ ಹಾಗೆಯೇ, ಮನೆಯ ಕುಂಟು ನಾಯಿ ಬಂದದ್ದೂ ಹಾಗೆಯೇ.

ಆದರೆ ಟಗರು ತರಲು ಯಾವುದನ್ನೂ ಮಾರಬೇಕಾಗಿರಲಿಲ್ಲ. ಇದಕ್ಕೆ ಹಿಂಡನ್ನೇ ಮಾರಬೇಕು. ಒಂದೆರಡಲ್ಲ, ಮರಿ ಸಮೇತ ಇಡೀ ಹಿಂಡು. ಅದರಲ್ಲಿ ಅರ್ಧಕ್ಕರ್ಧ, ತವರಿನವರು ಮದುವೆಯಲ್ಲಿ ಧೂಳಮ್ಮನ ಜೊತೆ ಕಳಿಸಿಕೊಟ್ಟ ಕುರಿಗಳ ಸಂತಾನ. ಅವುಗಳ ಕಿವಿಗೆ ಇವತ್ತಿಗೂ ಅವಳ ತವರಿನ ಗುರುತು, ಎಡಗಿವಿಯ ತುದಿಗೆ ಒಂದು ಸಣ್ಣ ಕಚ್ಚು. ಅವು ಬದುಕಿರುವ ತನಕ ಈ ಮನೆಯಲ್ಲಿ ತಾನು ಯಾರ ಹಂಗಿನಲ್ಲೂ ಇಲ್ಲ ಎಂದು ಅವಳು ತಿಳಿದವಳು. ಅವನ್ನು ಮಾರಿ ಬಾಗಿಲಿಲ್ಲದ ಕೋಣೆ ಕೊಳ್ಳಬೇಕಂತೆ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎಂದರೆ ಇದೇ ಅಲ್ಲವೆ?

ಮುಂದಿನ ಸೋಮವಾರ ನಾಲ್ವರೂ ಜಾಗ ನೋಡಲು ಹೋದರು. ದಸರೆ ಮುಗಿದು ಕೆಲವು ದಿನವಾಗಿತ್ತು, ಕೆರೆ ತುಂಬಿತ್ತು. ಹೊರಬಾಗಿಲಿನ ಕಮಾನು ಒಂದೇ ನೆಟ್ಟಗೆ ನಿಂತಿತ್ತು. ಒಳಗೆ ಹೋದರೆ ಎದೆಯ ಮಟ್ಟ ಜಾಲಿ. ಒಂದು ಹಂಸ ಮಗ್ಗುಲಾಗಿ ಬಿದ್ದು, ಅದರ ಹೊಟ್ಟೆಯಲ್ಲಿ ಯಾರದೋ ಕೋಳಿ ಮೊಟ್ಟೆಯಿಟ್ಟಿತ್ತು. ಇನ್ನೊಂದು ಹಂಸಕ್ಕೆ ಕುತ್ತಿಗೆಯೇ ಇರಲಿಲ್ಲ. ಹಾಲ್‌ನ ಗೋಡೆಗೆ ಕೆಳಗಿನಿಂದ ಮೇಲಕ್ಕೆ ಆಳೆತ್ತರ ಕಪ್ಪು ಏರಿತ್ತು. ಧೂಳಮ್ಮ ಅಂಗೈ ಒತ್ತಿ ನೋಡಿದಳು. ಸುಣ್ಣವೆಲ್ಲ ಕೈಗೇ ಬಂತು, ಅಂಗೈ ತಣ್ಣಗಾಯಿತು.

"ಇಲ್ಲಿ ರಿಸೆಪ್ಷನ್ ಬರತದರಿ," ಎಂದ ಅನೀಲಕುಮಾರ, ನಾಯಿ ಮಲಗಿದ್ದ ಕೋಣೆಯನ್ನು ತೋರಿಸಿ.

"ಮ್ಯಾನೇಜರ ಆಗಲೇ ಬಂದಾನಲ್ಲರಿ," ಎಂದಳು ಧೂಳಮ್ಮ. ನಾಯಿ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು.

ಪೂನಂ ಈ ಸಲ ಕೆಮ್ಮಲಿಲ್ಲ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳಿಯ ಬಿಡುವ ಪೈಕಿಯಲ್ಲ. ಇಲ್ಲಿ ಸ್ವಿಮಿಂಗ್ ಪೂಲು, ಅಲ್ಲಿ ಮದುವೆಯ ಮಂಟಪ ಎಂದು ಜಾಲಿಯ ಮುಳ್ಳಿಗೆಲ್ಲ ನಾಮಕರಣ ಮಾಡುತ್ತ ಮುಂದೆ ನಡೆದ. ಪ್ಯಾಂಟು ಎರಡು ಕಡೆ ಹರಿಯಿತು. ಅಂಗೈಯಲ್ಲಿ ಆಕಾಶ ತೋರಿಸುವವರು ಕಾಲ ಕೆಳಗೆ ನೋಡುವುದಿಲ್ಲ.

ನೀರಿನ ಮೆಟ್ಟಿಲ ಮೇಲ್ಗಡೆ, ಬೇವಿನ ಮರದ ಕೆಳಗೆ, ಒಂದು ಸಿಮೆಂಟಿನ ಬೆಂಚು ಇತ್ತು. ಕಮಾನು ಬಿಟ್ಟರೆ ಆ ಆವರಣದಲ್ಲಿ ಮುರಿಯದೆ ಉಳಿದದ್ದು ಅದೊಂದೇ. ಧೂಳಮ್ಮ ತಿರುಗಿ ನೋಡಿದಾಗ ಪಂಡರಿ ಅದರ ಮೇಲೆ ಕೂತಿದ್ದ. ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈ ಬೆಂಚಿನ ಬೆನ್ನಿಗೆ ಚಾಚಿ, ನೀರಿನ ಕಡೆ ಮುಖ ಮಾಡಿಕೊಂಡು ಕೂತಿದ್ದ. ಮದುವೆಯಾದಾಗಿನಿಂದ ಅವನು ಕೂತದ್ದನ್ನು ಅವಳು ಕಂಡದ್ದು ಕುಕ್ಕರಗಾಲಿನಲ್ಲಿ, ಕೋಲಿನ ಮೇಲೆ ಗದ್ದ ಊರಿಕೊಂಡು, ಯಾವಾಗ ಬೇಕಾದರೂ ಎದ್ದು ಓಡುವವನ ಹಾಗೆ. ಈ ಠೀವಿ ಅವಳಿಗೆ ಹೊಸದು.

"ಏನ್ರೀ!" ಎಂದು ಅವಳು ಅಲ್ಲಿಂದಲೇ ಕೂಗಿದಳು. "ನವಾಬರು ಕುಂತಾಂಗ ಕುಂತೀರಲ್ಲ! ಕುರಿ ಕಾಯೂ ಮಂದಿಗೆ ಕುರ್ಚಿ ಯಾಕ ಬೇಕರಿ? ಎದ್ದು ಬರ್ರಿ, ಕಾಗಿ ಹೇತದ್ದು ಧೋತ್ರಕ್ಕ ಹತ್ತೀತು!"

ಹೇಳಿ ನಕ್ಕಳು. ಹುಮನಾಬಾದಿನ ಸೋಫಾದ ಮೇಲೆ ನುಂಗಿದ್ದ ನಗುವೂ ಸೇರಿ ಒಟ್ಟಿಗೇ ಬಂತು. ಪೂನಂ ನಕ್ಕಳು, ಕಡೆಗೆ ಅಳಿಯನೂ ನಕ್ಕ. ಪಂಡರಿ ತಟಕ್ಕನೆ ಎದ್ದು, ಧೋತರದ ಹಿಂಭಾಗ ಝಾಡಿಸಿಕೊಂಡು, ರುಮಾಲು ಸುತ್ತಿಕೊಂಡ. ಸುತ್ತುವಾಗ ಅವನ ಮುಖ ಬಟ್ಟೆಯ ಹಿಂದೆ ಇತ್ತು. ಧೂಳಮ್ಮ ನೋಡಲಿಲ್ಲ, ಅವಳಿಗೆ ಕಣ್ಣೊರೆಸಿಕೊಳ್ಳುವುದಿತ್ತು.

ಆ ಸಂಜೆ ಮೋರಖಂಡಿಯ ಮನೆಯ ಕಟ್ಟೆಯ ಮೇಲೆ ಕೂತು ಅಳಿಯ ಅವಸರ ಮಾಡಿದ. ಹುಮನಾಬಾದಿನವರೇ ಇನ್ನೊಬ್ಬರು ಕಣ್ಣಿಟ್ಟಿದ್ದಾರೆ, ಜಲ್ದಿ ಬಯಾನಾ ಎಂದು ಮುಂಗಡ ಹಣ ಕೊಟ್ಟು ಮಾತು ಮುಗಿಸಬೇಕು, ಅಮಾವಾಸ್ಯೆಯೊಳಗೆ ಕುರಿ ಮಾರಬೇಕು ಎಂದ. ಪಂಡರಿ ಅಂಗಳದ ಕಡೆ ನೋಡುತ್ತ, "ಮಾರಿದ್ರ ಮಾರೂದು," ಎಂದ. ಎರಡೇ ಶಬ್ದ. ಧೂಳಮ್ಮ ಲೆಕ್ಕ ಹಾಕಿದಳು. ಬೇಡವೆಂದರೆ ಅಳಿಯನ ಮುಂದೆ ಗಂಡನ ಮಾತು ತೆಗೆದು ಹಾಕಿದ ಹಾಗೆ. ಬೇಕೆಂದರೆ ಹಿಂಡು ಹೋಯಿತು. ಆಗ ಅವಳಿಗೆ ಉಪಾಯ ಹೊಳೆಯಿತು, ಹೊಳೆದ ಕೂಡಲೇ ತನ್ನ ಜಾಣತನಕ್ಕೆ ತಾನೇ ಖುಷಿಪಟ್ಟಳು.

ಪಂಡರಿಯ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹೊಸ ಜಾಗಕ್ಕೆ ಕೈ ಹಾಕುವ ಮೊದಲು ಅಲ್ಲಿ ಒಂದು ರಾತ್ರಿ ಕುರಿ ಕೂಡಿಸುವುದು. ಸಂಜೆ ಹಿಂಡನ್ನು ಹೊಡೆದುಕೊಂಡು ಹೋಗಿ, ಮನೆದೇವರು ಬೀರಪ್ಪನ ಹೆಸರಿನಲ್ಲಿ ಭಂಡಾರದ ಅರಿಸಿನ ಎರಚಿ ಬಿಟ್ಟುಬಿಡಬೇಕು. ಬೇಲಿ ಇಲ್ಲ, ಹಗ್ಗ ಇಲ್ಲ. ಕಾಯುವವನು ದೂರ ಕೂತಿರಬೇಕು, ಸಿಳ್ಳೆ ಹಾಕಬಾರದು, ತಿರುಗಿಸಬಾರದು. ಹೊತ್ತು ಮೂಡಿದಾಗ ಹಿಂಡು ಅಲ್ಲೇ ಇದ್ದರೆ ದೇವರು ಹೂಂ ಅಂದ ಹಾಗೆ. ಎದ್ದು ಬೇರೆ ಕಡೆ ಹೋಗಿದ್ದರೆ ಆ ಜಾಗದ ಹೆಸರನ್ನು ಮತ್ತೆ ಎತ್ತಬಾರದು. ಪಂಡರಿಯ ಅಜ್ಜ ನಿರ್ಣಾ ಊರಿನ ಕಡೆ ಪುಕ್ಕಟೆಯಂಥ ಬೆಲೆಗೆ ಸಿಗುತ್ತಿದ್ದ ಕರಿಯ ಭೂಮಿಯನ್ನು ಕುರಿ ಕೂಡಲಿಲ್ಲ ಎಂಬ ಒಂದೇ ಕಾರಣಕ್ಕೆ ಬಿಟ್ಟು ಬಂದಿದ್ದ. ಮುಂದೆ ಅದು ವರ್ಷಕ್ಕೆ ಆರು ತಿಂಗಳು ಜೌಗಾಗಿ ಕೂತಿತು ಎಂದು ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ.

"ಅಜ್ಜನ ಪದ್ಧತಿ ಬಿಡಬಾರದರಿ," ಎಂದಳು ಧೂಳಮ್ಮ, ದನಿಗೆ ಎಲ್ಲಿಲ್ಲದ ಭಕ್ತಿ ತಂದುಕೊಂಡು. "ಒಂದ ರಾತ್ರಿ ಕುರಿ ಬಿಡ್ರಿ. ನಿಂತುವಂದ್ರ ನಾ ಬಿಲ್ಕುಲ್ ಬ್ಯಾಡ ಅನ್ನಂಗಿಲ್ಲ. ಬೀರಪ್ಪನ ಆಣೆ. ನನ್ನ ಕಿವಿ ಗುರತಿನ ಕುರಿ ಮೊದಲ ಮಾರ್ರಿ."

ಆಣೆ ಇಡುವಾಗ ಅವಳಿಗೆ ಎಳ್ಳಷ್ಟೂ ಅಂಜಿಕೆ ಇರಲಿಲ್ಲ. ಆ ಗೋಡೆಯ ತಣ್ಣಗಿನ ನೀರು ಅವಳ ಅಂಗೈಯಲ್ಲಿ ಇನ್ನೂ ಇತ್ತು. ಒಳಗಿನಿಂದ ಹಸಿಯೊಸರುವ ನೆಲ. ಕುರಿಗೆ ಬಿಸಿಲು ನಡೆಯುತ್ತದೆ, ಕಲ್ಲು ನಡೆಯುತ್ತದೆ, ಹೊಟ್ಟೆಯ ಕೆಳಗೆ ಹಸಿ ಮಾತ್ರ ನಡೆಯುವುದಿಲ್ಲ. ಕತ್ತಲಾಗುವುದೇ ತಡ, ಕರಿಯ ಟಗರು ಎದ್ದು ದಿಬ್ಬದ ಹಾದಿ ಹಿಡಿಯುತ್ತದೆ, ಅದರ ಹಿಂದೆ ಇಡೀ ಹಿಂಡು. ಬೇಡ ಎಂಬ ಮಾತು ತಾನು ಹೇಳಬೇಕಾಗಿಲ್ಲ, ಕುರಿ ಹೇಳುತ್ತವೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅನೀಲಕುಮಾರನಿಗೆ ಇದೆಲ್ಲ ಹಳೆಯ ಕಾಲದ ಹುಚ್ಚಾಟ ಅನ್ನಿಸಿದರೂ, ಅತ್ತೆ ತಾನಾಗಿ ಬಾಗಿದಳೆಂದು ಹಿಗ್ಗಿದ. ಪಂಡರಿ "ಆಗಲಿ," ಎಂದ.

ಗುರುವಾರ ಸಂಜೆ ಹಿಂಡು ಸಾಗರ ಗಾರ್ಡನ್ನಿನ ಕಮಾನಿನ ಕೆಳಗೆ ಹಾದು ಒಳಗೆ ಹೋಯಿತು. ಅಷ್ಟು ಗಿರಾಕಿಗಳನ್ನು ಆ ಕಮಾನು ಒಂದೇ ದಿನ ಎಂದೂ ಕಂಡಿರಲಿಕ್ಕಿಲ್ಲ. ಪಂಡರಿ ಕಂಬಳಿ ಹೊದ್ದು, ಬುತ್ತಿ ಹಿಡಿದು ಹಿಂದೆ ನಡೆದ. ಭಂಡಾರ ಎರಚುವ ತನಕ ಇದ್ದು ಧೂಳಮ್ಮ ಮನೆಗೆ ಮರಳಿದಳು. ಮರಳುವಾಗ ದಾರಿಯಲ್ಲಿ ಅಳಿಯ ಎದುರಾದ. ಕೈಯಲ್ಲಿ ಒಂದು ಬಿಳಿ ಚೀಲ. ಕೇಳಿದ್ದಕ್ಕೆ, ಅಲ್ಲಿಯ ಹಾಲ್‌ನಲ್ಲಿ ವಾಸನೆ ಬಹಳ, ಬ್ಲೀಚಿಂಗ್ ಪೌಡರ್ ಹಾಕಿ ಬರುತ್ತೇನೆ ಎಂದ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದುಕೊಂಡು ಅವಳು ಮುಂದೆ ನಡೆದಳು. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ಬಿಸಿ ರೊಟ್ಟಿ ಕಟ್ಟಿಕೊಂಡು ಮಗಳ ಜೊತೆ ಅಳಿಯನ ಕಾರಿನಲ್ಲಿ ಹೊರಟಾಗ ಧೂಳಮ್ಮ ಹೇಳಬೇಕಾದ ಮಾತನ್ನೂ ಸಿದ್ಧ ಮಾಡಿಕೊಂಡಿದ್ದಳು. ದೇವರ ಮನಸ್ಸು ಇಲ್ಲ, ನಾವೇನು ಮಾಡೋಣ ಎನ್ನಬೇಕು, ಮುಖ ಸಣ್ಣಗೆ ಮಾಡಿಕೊಳ್ಳಬೇಕು, ನಗಬಾರದು. ಕಾರು ಕಮಾನಿನ ಹತ್ತಿರ ನಿಂತಿತು. ಅನೀಲಕುಮಾರ ಮೊದಲು ಇಳಿದು ಕೂಗಿಕೊಂಡ.

"ನೋಡ್ರಿ, ಅತ್ತಿಯವರ! ಪುರಾ ಹಿಂಡು ಇಲ್ಲೇ ಅದ!"

ಹಿಂಡು ಅಲ್ಲೇ ಇತ್ತು. ಹಾಲ್‌ನ ಮುಂದಿನ ಬಯಲಿನಲ್ಲಿ, ಬೆಂಚಿನ ಸುತ್ತ, ಮೆಟ್ಟಿಲ ತನಕ, ತಲೆ ತಗ್ಗಿಸಿಕೊಂಡು, ಮರಿಗಳೊಂದಿಗೆ ಶಾಂತವಾಗಿ ಇತ್ತು. ಒಂದೂ ಆಚೆ ಹೋಗಿರಲಿಲ್ಲ. ಹೊತ್ತು ಮೂಡಿ ಒಂದು ಮಾರು ಮೇಲೆ ಬಂದಿತ್ತು. ದೂರದ ಕಟ್ಟೆಯ ಮೇಲೆ ಪಂಡರಿ ಕಂಬಳಿಯೊಳಗೆ ಮುದುಡಿ ಕೂತಿದ್ದ. ಎಡಗಿವಿಗೆ ಕಚ್ಚಿನ ಗುರುತಿದ್ದ ಒಂದು ಮುದಿ ಕುರಿ ಧೂಳಮ್ಮನನ್ನು ನೋಡಿ, ಗುರುತೇ ಇಲ್ಲದಂತೆ ಮತ್ತೆ ತಲೆ ತಗ್ಗಿಸಿತು. ತಾನು ತೋಡಿದ ಗುಂಡಿಗೆ ತಾನೇ ಬಿದ್ದೆ ಎಂಬುದು ಅವಳಿಗೆ ಅಲ್ಲಿ, ಆ ಕಮಾನಿನ ಕೆಳಗೆ ತಿಳಿಯಿತು. ಆಣೆ ಬೇರೆ ಇಟ್ಟಾಗಿದೆ.

"ದೇವರು ಹೂಂ ಅಂದಾನ," ಎಂದಳು. ದನಿ ತನ್ನದೆಂದು ಅವಳಿಗೇ ಅನ್ನಿಸಲಿಲ್ಲ. "ನನ್ನದೇನೂ ಇಲ್ರಿ. ಕೊಡ್ರಿ ಬಯಾನಾ."

ಅಳಿಯ ಆಗಲೇ ಮೊಬೈಲು ಕಿವಿಗೆ ಹಿಡಿದಿದ್ದ. ಧೂಳಮ್ಮ ಕುರಿಗಳ ನಡುವೆ ಹೋದಳು, ಕಡೆಯ ಸಲ ಮೈ ಸವರಲೆಂದು. ಆಗ ಟಗರಿನ ನಾಲಿಗೆ ಕಂಡಿತು. ಟಗರು ಮೆಲುಕು ಹಾಕುತ್ತಿರಲಿಲ್ಲ. ನೆಲ ನೆಕ್ಕುತ್ತಿತ್ತು. ಪಕ್ಕದ ಕುರಿಯೂ ನೆಕ್ಕುತ್ತಿತ್ತು. ಹಿಂದಿನದು ಮೊಣಕಾಲೂರಿ ಕಲ್ಲಿನ ಸಂದಿಗೆ ಮೂತಿ ತುರುಕಿತ್ತು. ಕೂತದ್ದು ಒಂದೂ ಇಲ್ಲ. ಎಲ್ಲವೂ ಮೈಮೇಲೆ ಎಚ್ಚರವಿಲ್ಲದೆ, ನೆಲವನ್ನು ನೆಕ್ಕುತ್ತಿದ್ದವು.

ಉಪ್ಪು! ಯಾರೋ ಜಾಗದ ತುಂಬ ಉಪ್ಪು ಎರಚಿದ್ದಾರೆ. ಕುರಿಗೆ ಉಪ್ಪು ಸಿಕ್ಕರೆ ಹಸಿಯೂ ಇಲ್ಲ, ದೇವರೂ ಇಲ್ಲ.

ಬಿಳಿ ಚೀಲ ಅವಳ ಕಣ್ಣ ಮುಂದೆ ಬಂತು. ಆಮೇಲೆ ಬಂದದ್ದು ಮಾತಲ್ಲ, ಇಷ್ಟು ವರ್ಷ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟದ್ದು.

"ಕಳ್ಳ!" ಎಂದಳು. "ಪ್ಲಾಟು ಮಾರಿ ಮಾರಿ ಈಗ ದೇವರ ಬಾಯಿಗೂ ಉಪ್ಪು ಹಾಕತಿಯೇನೋ? ಮಾವನ ಹಿಂಡು ನುಂಗಾಕ ಕೆರಿ ದಂಡಿ ತನಕ ಬಂದಿ! ಬ್ಲೀಚಿಂಗ್ ಪೌಡರಂತ, ಬ್ಲೀಚಿಂಗ್ ಪೌಡರ! ನಿನಗ ಹೆಣ್ಣು ಕೊಟ್ಟ ದಿನ ನನ್ನ ಕಣ್ಣಿಗೆ ಏನ ಬಡಿದಿತ್ತೋ!"

"ಯವ್ವಾ!" ಎಂದು ಪೂನಂ ಚೀರಿದಳು. ಅತ್ತೆಯಾದವಳು ಅಳಿಯನಿಗೆ ಏಕವಚನದಲ್ಲಿ ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಅನೀಲಕುಮಾರ ಮೊಬೈಲು ಕೆಳಗಿಳಿಸಿದ. ಅವನ ದಪ್ಪ ಚರ್ಮಕ್ಕೂ ಇದು ತಾಗಿತ್ತು.

"ಉಪ್ಪು ಯಾಕ ಹಾಕಲಿರಿ, ಅತ್ತಿಯವರ?" ಎಂದ ಮೆಲ್ಲಗೆ. "ಕುರಿ ಉಪ್ಪು ತಿಂತಾವೇನು?"

ಆ ಪ್ರಶ್ನೆ ಎಷ್ಟು ಪೆದ್ದಾಗಿತ್ತೆಂದರೆ ಧೂಳಮ್ಮ ಅದನ್ನು ನಂಬಲೇಬೇಕಾಯಿತು. ಆದರೂ ಸೋಲಲು ಮನಸ್ಸಿಲ್ಲದೆ ಬಗ್ಗಿ, ಕಲ್ಲಿನ ಸಂದಿಯಿಂದ ಒಂದು ಚಿಟಿಕೆ ಎತ್ತಿ, ಅವನ ಮುಖಕ್ಕೆ ಹಿಡಿಯಲೆಂದು ಕೈ ಮೇಲೆ ತಂದಳು. ಮೂಗಿನ ಹತ್ತಿರ ಬಂದಾಗ ಕೈ ನಿಂತಿತು. ಅಜವಾನದ ಘಾಟು. ಉಪ್ಪು ಹಳದಿಯಾಗಿತ್ತು. ಮೇಲೆ ಎರಚಿದ ಭಂಡಾರ ಹತ್ತಿದ್ದಲ್ಲ, ಉಪ್ಪಿನ ಜೊತೆಗೇ ಕುಟ್ಟಿದ ಅರಿಸಿನ. ಮಳೆಗಾಲದಲ್ಲಿ ಕುರಿಗಳ ಹೊಟ್ಟೆ ಕೆಡದಿರಲೆಂದು ಹರಳುಪ್ಪಿಗೆ ಅಜವಾನ, ಅರಿಸಿನ ಹಾಕಿ ಒರಳಿನಲ್ಲಿ ಕುಟ್ಟುವವಳು ಧೂಳಮ್ಮ. ಅದು ಇರುವುದು ಅವಳ ಅಡಿಗೆಮನೆಯ ಮೂಲೆಯ ಕರಿಯ ಗಡಿಗೆಯಲ್ಲಿ, ಬೇರೆಲ್ಲೂ ಅಲ್ಲ.

ಅವಳು ಗಂಡನ ಕಡೆ ನೋಡಿದಳು. ಪಂಡರಿ ಕಂಬಳಿಯೊಳಗಿನಿಂದ ನೀರನ್ನು ನೋಡುತ್ತಿದ್ದ. ಇಷ್ಟು ಗದ್ದಲದಲ್ಲಿ ಒಮ್ಮೆಯೂ ಈ ಕಡೆ ತಿರುಗಿರಲಿಲ್ಲ. ತಪ್ಪು ಮಾಡಿದ ನಾಯಿ ಕೂಡ ಹಾಗೆಯೇ ಬೇರೆ ಕಡೆ ನೋಡುತ್ತದೆ.

ಬೀರಪ್ಪನಿಗೆ ಮೋಸ! ಸ್ವಂತ ಅಜ್ಜನ ಪದ್ಧತಿಗೆ, ಕಟ್ಟಿಕೊಂಡ ಹೆಂಡತಿಗೆ, ಬಾಯಿಲ್ಲದ ಕುರಿಗೆ ಮೋಸ! ಕೋಪ ಅವಳ ನೆತ್ತಿಗೇರಿತು. ಒಂದು ಮಾತು ಆಡಿದರೆ ಸಾಕಿತ್ತು. ಹಿಂಡು ಉಳಿಯುತ್ತಿತ್ತು, ಆಣೆ ಬಿಡುಗಡೆಯಾಗುತ್ತಿತ್ತು. ಆದರೆ ಆ ಮಾತು ಅಳಿಯನ ಮುಂದೆ ಆಡಬೇಕು. ನಾಳೆ ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹಿಂದೆ, ನಾಡಿದ್ದು ಬೀಗರ ಊರಿನ ಕಟ್ಟೆಯಲ್ಲಿ, ಪಂಡರಿ ದೇವರಿಗೆ ಉಪ್ಪು ತಿನ್ನಿಸಿದ ಎಂದು ನಗೆಪಾಟಲಾಗುತ್ತದೆ. ತಾನು ನಗಬಹುದು, ತನಗೆ ಹಕ್ಕಿದೆ. ಊರು ನಗುವುದನ್ನು ಅವಳು ಹೇಗೆ ಸಹಿಸಿಯಾಳು? ಧೂಳಮ್ಮ ಚಿಟಿಕೆಯನ್ನು ಬೆರಳಿನಿಂದ ಉದುರಿಸಿದಳು.

"ನನ್ನ ಕಣ್ಣು ತಪ್ಪಿತು, ಅಳಿಯಾರ," ಎಂದಳು. "ಮಣ್ಣ ಅದು. ಕೆರಿ ದಂಡಿ ಮಣ್ಣಿಗೆ ಒಂದೊಂದ ಕಡೆ ಸವಳು ಇರತದ, ಅದನ್ನ ನೆಕ್ಕಾಕತ್ತಾವ. ಮನಸಿಗೆ ಹಚ್ಚಿಕೋಬ್ಯಾಡ್ರಿ. ಹಿಂಡು ಹೊಂಟದಂತ ಹೊಟ್ಟ್ಯಾಗ ಬೆಂಕಿ ಬಿದ್ದಿತ್ತು, ಬಾಯಿಗೆ ಬಂದದ್ದು ಅಂದೆ. ಪೂನಂ, ಅವರ್ನ ಕರಕೊಂಡು ಹೋಗಿ ಕಾರಿನ್ಯಾಗ ಕುಂಡ್ರು. ನಾ ನಿಮ್ಮ ಅಪ್ಪಗ ರೊಟ್ಟಿ ಕೊಟ್ಟು ಬರತೀನಿ."

ಇಬ್ಬರೂ ಕಮಾನು ದಾಟುವ ತನಕ ಕಾದು ಅವಳು ಕಟ್ಟೆಯ ಹತ್ತಿರ ಹೋದಳು. ರೊಟ್ಟಿಯ ಗಂಟು ಬಿಚ್ಚಲಿಲ್ಲ.

"ಕೆರಿ ದಂಡಿ ಮಣ್ಣು ತಾನ ಅಜವಾನ ಕುಟ್ಟಿಕೊಳ್ಳತದೇನ್ರಿ?"

ಪಂಡರಿ ಇಲ್ಲವೆನ್ನಲಿಲ್ಲ. "ಹಾಕಿರಲಿಲ್ಲಂದ್ರ ನಿಲ್ಲತಿರಲಿಲ್ಲ," ಎಂದ. "ಕೆಳಗ ಪೂರಾ ಹಸಿ ಅದ."

"ಗೊತ್ತಿತ್ತ?"

"ಅವತ್ತ ಕಾಲ ಇಟ್ಟ ಕೂಡಲೇ ಗೊತ್ತಾಯ್ತು. ಈ ಹಾಲ್ ಮೂರ ಮಳಿ ತಡಿಯಂಗಿಲ್ಲ. ಯಾರ ಕೊಳ್ಳತಾರ ಇದನ್ನ?"

ಇಲ್ಲಿಯ ತನಕ ಧೂಳಮ್ಮ ಗಂಡನನ್ನು ಮಂಕು ಎಂದುಕೊಂಡಿದ್ದಳು, ಅಳಿಯ ಮೂಗಿಗೆ ತುಪ್ಪ ಸವರಿದ್ದಕ್ಕೆ ಮರುಳಾದವನು ಎಂದು. ಗೊತ್ತಿದ್ದೂ ಬಾವಿಗೆ ಬೀಳುವವನನ್ನು ಏನೆನ್ನಬೇಕು?

"ಮತ್ತ ಯಾಕ್ರಿ? ಬಾಯಿ ಬಿಟ್ಟು ಹೇಳ್ರಿ. ಯಾಕ?"

ಪಂಡರಿ ಬೆಂಚಿನ ಕಡೆ ನೋಡಿದ.

"ತಿಳಿವಳಿಕಿ ಬಂದಾಗಿಂದ ಅವು ಕುಂತಲ್ಲಿ ನಾ ಕುಂತೀನಿ, ಅವು ಎದ್ದಾಗ ನಾ ಎದ್ದೀನಿ," ಎಂದ. "ಅವತ್ತ ಆ ಬೆಂಚಿನ ಮ್ಯಾಲ ಜರಾ ಹೊತ್ತು ಕುಂತೆ ನೋಡು. ಗಾಳಿ ಬಂತು. ಒಮ್ಮೆ ಅವು ಎದ್ರೂ ನಾ ಕುಂತೇ ಇರಬೇಕು ಅನಿಸ್ತು. ಅಷ್ಟ."

ಅಷ್ಟಕ್ಕೆ ಇಡೀ ಹಿಂಡು! ಧೂಳಮ್ಮನ ನಾಲಿಗೆಯ ಮೇಲೆ ಒಂದರ ಹಿಂದೆ ಒಂದು ಮಾತು ಸಾಲುಗಟ್ಟಿದವು, ಒಂದಕ್ಕಿಂತ ಒಂದು ಖಾರ. ಅವುಗಳಲ್ಲಿ ಎಲ್ಲಕ್ಕೂ ಸಪ್ಪೆಯಾದದ್ದು ಹೊರಗೆ ಬಂತು.

"ಅಷ್ಟು ಮನಸಿತ್ತಂದ್ರ ನನ್ನ ಕೇಳಬೇಕಿತ್ರಿ. ಕುರಿಗಳನ್ನ ಯಾಕ ಕೇಳಿದ್ರಿ?"

"ಕುರಿ ನಗೂದಿಲ್ಲ," ಎಂದ ಪಂಡರಿ.

ಮುನಿಸಿನಿಂದ ಹೇಳಲಿಲ್ಲ. ಇವತ್ತು ಗಾಳಿ ಪಡುವಣದಿಂದ ಬೀಸುತ್ತಿದೆ ಎನ್ನುವ ಹಾಗೆ ಹೇಳಿದ. ಧೂಳಮ್ಮ ಬಾಯಿ ತೆರೆದಳು. ಅಳಿಯನಿಗೊಂದು, ಬೀಗರಿಗೊಂದು, ದೇವರಿಗೂ ಒಂದು ಕುಟುಕು ಸದಾ ಸಿದ್ಧವಿದ್ದ ಬಾಯಿ ಅದು. ಅದರಲ್ಲಿ ಏನೂ ಇರಲಿಲ್ಲ.

ಪಂಡರಿ ಎದ್ದು ಕಂಬಳಿ ಕೊಡವಿ ಕಮಾನಿನ ಕಡೆ ಹೋದ. ಅವಳು ಹಿಂದೆಯೇ ಹೋದಳು. ಕಾರಿನ ಕಿಟಕಿಗೆ ಬಗ್ಗಿ ಅವನು, "ಅಳಿಯಾರ, ಬಯಾನಾ ಬ್ಯಾಡ್ರಿ," ಎಂದ. "ಉಪ್ಪು ಹಾಕಿದ್ದು ಖರೆ. ನಿಮ್ಮ ಅತ್ತಿ ಕಣ್ಣು ತಪ್ಪಿಲ್ಲ. ಹಾಕಿದವ ನಾ. ಕುರಿ ಈ ಜಾಗ ಒಪ್ಪೂದಿಲ್ಲ."

ಅನೀಲಕುಮಾರ ಮಾವನ ಮುಖ ನೋಡಿದ, ಅತ್ತೆಯ ಮುಖ ನೋಡಿದ. ಕಳ್ಳ ಎನ್ನಿಸಿಕೊಂಡ ಉರಿ ಇನ್ನೂ ಆರಿರಲಿಲ್ಲ, ಅದೂ ಸೇರಿರಬೇಕು. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ, ಕಡೆಗೆ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕ. "ಮಾವಾರ, ದೇವರಿಗೇ ಕಮಿಷನ್ ಕೊಟ್ಟಿರಲ್ಲರಿ!" ಎಂದ. ಪೂನಂಳೂ ತಡೆಯಲಾರದೆ ಸೆರಗು ಬಾಯಿಗೆ ತುರುಕಿದಳು. ಪಂಡರಿ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳತೊಡಗಿದ. ಈ ಸಲ ಧೂಳಮ್ಮನ ಕಣ್ಣಲ್ಲಿ ನಗೆಯ ನೀರಿರಲಿಲ್ಲ. ಬಟ್ಟೆಯ ಹಿಂದಿನ ಮುಖ ಅವಳಿಗೆ ಕಂಡಿತು.

"ನಗೂದೇನದರಿ ಅದರಾಗ?" ಎಂದಳು ಅವಳು.

ಕಾರಿನೊಳಗೆ ಸದ್ದಡಗಿತು. ಅವಳು ಗಂಡನ ಕಡೆ ತಿರುಗಿದಳು.

"ಉಪ್ಪು ಮುಗಿಯೂ ತನಕ ಅವು ಕದಲಂಗಿಲ್ಲ," ಎಂದಳು. "ಅಲ್ಲೀ ತನಕ ಹೋಗಿ ಕುಂಡ್ರ್ರಿ. ಕಟ್ಟಿ ಮ್ಯಾಲಲ್ಲ, ಬೆಂಚಿನ ಮ್ಯಾಲ."

ಪಂಡರಿ ಅನುಮಾನಿಸಿದ. ಇದರ ಹಿಂದೆಯೂ ಒಂದು ಕುಟುಕು ಬರುತ್ತದೆಂದು ಕಾದ. ಬರಲಿಲ್ಲ. ಹೋಗಿ ಬೆಂಚಿನ ತುದಿಗೆ ಕೂತ. ಧೂಳಮ್ಮ ಸೆರಗಿನಿಂದ ಬೆಂಚು ಒರೆಸಿ ರೊಟ್ಟಿಯ ಗಂಟು ಬಿಚ್ಚಿಟ್ಟಳು. ಅವನು ಒಂದು ತುತ್ತು ಮುರಿದುಕೊಂಡು ನಿಧಾನವಾಗಿ ಹಿಂದಕ್ಕೆ ಒರಗಿದ. ಸುತ್ತಲೂ ಹಿಂಡು ಕಲ್ಲಿನ ಸಂದಿಗಳನ್ನು ನೆಕ್ಕುತ್ತಿತ್ತು. ಕೆರೆಯ ನೀರು ಇನ್ನೂ ಮಳೆಗಾಲದ ಚಹಾದ ಬಣ್ಣಕ್ಕೇ ಇತ್ತು. ಧೂಳಮ್ಮ ಅದನ್ನು ನೋಡಿಯೂ ನಗಲಿಲ್ಲ.